ಬಿಳಿ ದಾರಿಯ ನಾಲ್ಕನೇ ಸಹಿ

ಪೊಜ್ಜೊ ಸೆಕ್ಕೊ, ಕಿಯಾಂತಿ
12 ಮಾರ್ಚ್ 2018

ನೆಡೊ,

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಶುರು ಮಾಡುವ ಅಭ್ಯಾಸ ಅಮ್ಮನದು, ನನ್ನದಲ್ಲ. ಫೋನ್ ಬಿಟ್ಟು ಕಾಗದ ಹಿಡಿದದ್ದು ಯಾಕೆಂದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಾಗದಕ್ಕೆ ಅಡ್ಡ ಬಾಯಿ ಹಾಕಲು ನಿನ್ನಿಂದಾಗದು.

ನಿನ್ನ ಭಾವ ಸಿರಿಯೊನ ಎರಡೂ ಕಿಡ್ನಿ ಕೆಟ್ಟಿವೆ. ನವೆಂಬರಿನಿಂದ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ನಿನಗೆ ತಿಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಇಷ್ಟು ದಿನ ಉಳಿಸಿಕೊಂಡೆ, ಇನ್ನಾಗುವುದಿಲ್ಲ.

ಕರೆದೊಯ್ಯಲು ವ್ಯಾನು ಬರುತ್ತದೆ. ಓಡಿಸುವವರು ಸ್ವಯಂಸೇವಕರು, ಒಳ್ಳೆಯ ಜನ. ಆದರೆ ನಮ್ಮ ಏರು ಅವರ ಗಾಡಿಗೆ ಬಗ್ಗುವುದಿಲ್ಲ. ಒಣಗಿದ್ದರೆ ಬಿಳಿ ಜಲ್ಲಿಯ ಮೇಲೆ ಚಕ್ರ ಸುಮ್ಮನೆ ತಿರುಗುತ್ತದೆ, ಮಳೆ ಬಿದ್ದರೆ ಜೇಡಿಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಹಾಗಾಗಿ ಕೆಳಗೆ ಮೇರಿ ಮಾತೆಯ ಗುಡಿಯ ಹತ್ತಿರವೇ ನಿಲ್ಲಿಸುತ್ತಾರೆ. ಅಲ್ಲಿಂದ ನಮ್ಮ ಬಾಗಿಲವರೆಗಿನ ಏರು ನಿನಗೆ ಗೊತ್ತು. ನಿನ್ನ ಸೈಕಲ್ ಪ್ರವಾಸದ ಗಿರಾಕಿಗಳು ಗೇರು ಬದಲಿಸಿಕೊಂಡು ದೇವರನ್ನು ನೆನೆಯುವ ಜಾಗ ಅದು. ರಕ್ತ ತೊಳೆಸಿಕೊಂಡು ಬಂದ ಮನುಷ್ಯ ಅದನ್ನು ನಡೆದು ಹತ್ತಬೇಕು. ನನಗೆ ಗಾಡಿ ಓಡಿಸಲು ಬಾರದು, ಅವನಿಗೆ ಓಡಿಸಬಾರದೆಂದು ಡಾಕ್ಟರು ಹೇಳಿದ್ದಾರೆ. ನೆರೆಯ ಗ್ವಾಲ್ಟಿಯೇರೊ ಒಮ್ಮೆ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಬಂದ. ಮರುಸಲ ಸಿರಿಯೊ ಹತ್ತಲಿಲ್ಲ. "ನಾನೇನು ದ್ರಾಕ್ಷಿ ಬುಟ್ಟೀನಾ?" ಅಂದ.

ದಾರಿಗೆ ಡಾಂಬರು ಬೇಕು. ಇದು ಪುರಸಭೆಯ ದಾರಿಯಲ್ಲ, ಪಕ್ಕದಲ್ಲಿ ಜಮೀನಿರುವ ನಾಲ್ವರದು. ನಾಲ್ವರೂ ಸಹಿ ಹಾಕಿದರೆ ಪುರಸಭೆ ಕೆಲಸ ಮಾಡಿಕೊಡುತ್ತದೆ, ಅರ್ಜಿಯ ಗಡುವು ಜೂನ್ ಕೊನೆ. ನಾನು ಹಾಕಿದ್ದೇನೆ, ಕೆಳಗಿನ ಮನೆಯ ಆರ್ಜಿಯಾ ಹಾಕಿದ್ದಾಳೆ, ತಿರುವಿನ ಗ್ವಾಲ್ಟಿಯೇರೊ ಹಾಕಿದ್ದಾನೆ. ಅಮ್ಮ ನಿನಗೆ ಬಿಟ್ಟುಹೋದ ಆಲಿವ್ ತೋಟದ ಲೆಕ್ಕದಲ್ಲಿ ನಾಲ್ಕನೆಯವನು ನೀನು. ಅರ್ಜಿ ಇದರ ಜೊತೆಗಿದೆ. ಸಹಿ ಹಾಕಿ ಕಳಿಸು.

ಸಿರಿಯೊ ಇವತ್ತು ಆಸ್ಪತ್ರೆಗೆ ಹೋಗುವಾಗ ಇದನ್ನು ಒಯ್ಯುತ್ತಾನೆ, ಲಕೋಟೆ, ಸ್ಟಾಂಪು ತಂಬಾಕಿನ ಅಂಗಡಿಯಲ್ಲಿ ಕೊಳ್ಳುತ್ತಾನೆ. ಓದಿದರೆ ಓದಲಿ. ಮುಚ್ಚಿಡುವುದು ನನಗೆ ಸಾಕಾಗಿದೆ.

ಲೊರಿಯಾನಾ

ಲೋ ನೆಡೊ, ನಾನು ಸಿರಿಯೊ. ಅಂಗಡಿಯವನ ಪೆನ್ನಿಸ್ಕೊಂಡು ಇಲ್ಲೇ ನಿಂತು ಗೀಚ್ತಿದೀನಿ, ನಿಮ್ಮಕ್ಕಂಗೆ ಗೊತ್ತಿಲ್ಲ, ನೀನೂ ಹೇಳ್ಬೇಡ. ಅವಳು ಬರ್ದಿರೋದನ್ನ ಅರ್ಧಕ್ಕರ್ಧ ಕಡಿಮೆ ಮಾಡ್ಕೊಂಡು ಓದು. ಕಿಡ್ನಿ ತೊಳಿಯೋದು ಅಂದ್ರೆ ಸೈಕಲ್ ಚೈನಿಗೆ ಎಣ್ಣೆ ಬಿಟ್ಟಂಗೆ, ಕೂತ್ಕೋ, ಎದ್ದು ಬಾ, ಅಷ್ಟೆ. ಉಪ್ಪು ಬಿಡಿ ಅಂದ್ರು ಡಾಕ್ಟರು. ಹುಟ್ಟಿದಾಗಿಂದ ನಮ್ಮೂರ ಉಪ್ಪಿಲ್ಲದ ರೊಟ್ಟಿ ತಿಂದೋನಿಗೆ ಹೇಳೋ ಮಾತೇನೋ ಅದು? ಹೋದ ಭಾನುವಾರ ವೊಲ್ಪಾಯಾ ದಿಬ್ಬ ಸೈಕಲ್ಲಲ್ಲೇ ಹತ್ತಿ ಬಂದೆ. ದಾರಿ ತಂಟೆಗೆ ಹೋಗ್ಬೇಡ. ಡಾಂಬರು ನೋಡೋಕೆ ನಿನ್ನ ಡಚ್ಚರು ಅಷ್ಟು ದೂರದಿಂದ ಯಾಕೋ ಬರ್ತಾರೆ?


ಉಟ್ರೆಕ್ಟ್
27 ಮಾರ್ಚ್ 2018

ಪ್ರೀತಿಯ ಅಕ್ಕ,

ಕಿಡ್ನಿಯ ಸುದ್ದಿ ಓದಿ ಎದೆ ಧಸಕ್ಕೆಂದಿತು. ಎರಡನೇ ಸಲ ಓದಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಭಾವನ ಸಮಾಚಾರ ನನಗೆ ಬೇರೆ ಕಡೆಯಿಂದಲೂ ಬರುತ್ತದೆ. ಮನುಷ್ಯ ವೊಲ್ಪಾಯಾ ಹತ್ತುತ್ತಿದ್ದಾನಂತೆ! ನನ್ನ ಗಿರಾಕಿಗಳಲ್ಲಿ ನಲವತ್ತು ದಾಟದವರೇ ಅಲ್ಲಿ ಇಳಿದು ತಳ್ಳುತ್ತಾರೆ. ನೀನು ಮೊದಲಿನಿಂದಲೂ ಅಷ್ಟೇ, ನಾನು ಮಂಡಿ ತರಚಿಕೊಂಡು ಬಂದರೆ ಪಾದ್ರಿಯನ್ನು ಕರೆಸಲು ಓಡುತ್ತಿದ್ದೆ.

ಅಕ್ಕ, ಕೋಪಿಸಿಕೊಳ್ಳದೆ ಕೇಳು. ಏರೆಂಬುದೇ ಇಲ್ಲದ ಈ ದೇಶದಲ್ಲಿ ಕೂತು ನಾನು ದಿನವಿಡೀ ಮಾರುವುದು ನಮ್ಮ ಮನೆಯ ಮುಂದಿನ ಆ ದಾರಿಯನ್ನೇ. ಗಾಯೊಲೆ ಊರು ದಾಟಿದ ಮೇಲೆ ಡಾಂಬರು ಮುಗಿದು, ಅಗಲ ಟಯರಿನಡಿ ಮೊದಲ ಜಲ್ಲಿ ಕರಕರ ಎನ್ನುತ್ತದಲ್ಲ, ಆ ಕ್ಷಣಕ್ಕೆ ಇಡೀ ತಂಡ ಮಾತು ನಿಲ್ಲಿಸುತ್ತದೆ. ಎರಡೂ ಕಡೆ ದ್ರಾಕ್ಷಿ ಸಾಲು, ಮುಂದೆ ಬಿಳಿ ದಾರಿ, ದಿಬ್ಬದ ತುದಿ ಮುಟ್ಟಿದರೆ ದೂರದಲ್ಲಿ ಸಿಯೆನಾದ ಗೋಪುರಗಳು. ಹೋದ ವರ್ಷ ಒಬ್ಬ ಹಲ್ಲಿನ ಡಾಕ್ಟರು ಅಲ್ಲಿ ನಿಂತು ಅತ್ತುಬಿಟ್ಟ. ಎತ್ತಿನ ಗಾಡಿಗಳು ವೈನಿನ ಪೀಪಾಯಿ ಹೊತ್ತು ತುಳಿದು ಮಾಡಿದ ದಾರಿಗಳಿವು. ಒಂದೊಂದಾಗಿ ಕಪ್ಪಾಗುತ್ತಿವೆ. ನಮ್ಮದಕ್ಕೂ ಮಸಿ ಬಳಿಯುವ ಕೈ ನನ್ನದಾಗಬೇಕೇ?

ಈ ದಾರಿಯಲ್ಲೇ ಅಲ್ಲವೇ ಭಾವ ನನ್ನನ್ನು ಸೈಕಲ್ಲಿಗೆ ಹತ್ತಿಸಿದ್ದು. ಮದುವೆಯಾದ ಹೊಸತರಲ್ಲಿ ನಿನ್ನ ಜೊತೆ ಕೂತು ಮಾತಾಡುವ ಬದಲು ನನ್ನನ್ನು ಎಬ್ಬಿಸಿಕೊಂಡು ಹೊರಡುತ್ತಿದ್ದ. ನಾನು ಏದುಸಿರು ಬಿಡುತ್ತಾ ದಿಬ್ಬ ಹತ್ತುವಷ್ಟರಲ್ಲಿ ಗೋಡೆಗೆ ಕಾಲು ಕೊಟ್ಟು ಅಂಜೂರ ತಿನ್ನುತ್ತಾ ಕಾಯುತ್ತಿರುತ್ತಿದ್ದ. "ಬಂದ್ಯಾ? ನಾನು ಇನ್ನೊಂದು ಮದುವೆ ಮಾಡ್ಕೊಂಡು ಬರೋಷ್ಟು ಹೊತ್ತಾಯ್ತು" ಎನ್ನುತ್ತಿದ್ದ. ಅಂಥವನ ಹೆಸರಿನಲ್ಲಿ ಡಾಂಬರು ಕೇಳಿದರೆ ನಗು ಬರುತ್ತದೆ.

ಏಪ್ರಿಲ್ ಕೊನೆಯ ಶುಕ್ರವಾರ ಹನ್ನೆರಡು ಜನರೊಂದಿಗೆ ಬರುತ್ತೇನೆ. ಬಿಳಿ ಹುರುಳಿಕಾಳಿನ ಸಾರು ಮಾಡಿಡು. ಅರ್ಜಿ ನನ್ನ ಮೇಜಿನ ಮೇಲಿದೆ, ಎದುರು ಕೂತು ಮಾತಾಡೋಣ.

ನಿನ್ನ ನೆಡೊ


ಪೊಜ್ಜೊ ಸೆಕ್ಕೊ
9 ಮೇ 2018

ನೆಡೊ,

ಎದುರು ಕೂತು ಮಾತಾಡೋಣ ಅಂದಿದ್ದೆ. ಬಂದೆ, ಕೂತೆ, ಹನ್ನೆರಡು ಜನರ ಮಧ್ಯೆ ಕೂತೆ. ನಾನು ಬಾಯಿ ತೆರೆದಾಗಲೆಲ್ಲ "ಆಮೇಲೆ ಅಕ್ಕ, ಆಮೇಲೆ" ಅಂದೆ. ಸೋಮವಾರ ಬೆಳಗ್ಗೆ ಮೊಂತಾಲ್ಚಿನೊ ದೂರವಿದೆ ಎಂದು ಎಲ್ಲರಿಗಿಂತ ಮೊದಲು ಹೆಲ್ಮೆಟ್ ಹಾಕಿಕೊಂಡವನು ನೀನು. ನಾನೂ ಒತ್ತಾಯ ಮಾಡಲಿಲ್ಲ. ಕಣ್ಣಾರೆ ನೋಡುತ್ತಾನಲ್ಲ, ಇನ್ನು ಹೇಳುವುದೇನು ಎಂದುಕೊಂಡೆ. ನೀನು ಏನು ನೋಡಿದೆಯೋ ನನಗೆ ತಿಳಿಯದು.

ನಾನು ನೋಡಿದ್ದನ್ನು ಹೇಳುತ್ತೇನೆ. ಅವನು ದಿನಕ್ಕೆ ಕುಡಿಯಬಹುದಾದದ್ದು ಅರ್ಧ ಲೀಟರು ಮಾತ್ರ, ಸಾರು, ಕಾಫಿ ಎಲ್ಲ ಸೇರಿ. ನಿನ್ನ ಜನರ ಮುಂದೆ ಗ್ಲಾಸಿನ ಮೇಲೆ ಗ್ಲಾಸು ಎತ್ತಿದ. ಕುಡಿದ ನೀರು ಅವನ ಮೈಯಿಂದ ಹೊರಗೆ ಹೋಗುವುದಿಲ್ಲ ನೆಡೊ, ಶ್ವಾಸಕೋಶಕ್ಕೆ ಇಳಿಯುತ್ತದೆ. ನೀವು ಹೊರಟ ಮೇಲೆ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸು ನನಗೆ ಬೈದಳು. ಬೈಸಿಕೊಂಡೆ.

ವ್ಯಾನಿನ ಲಾಂಬೆರ್ತೊ ಈಗ ಹೊಸ ಮಾತು ಹೇಳುತ್ತಿದ್ದಾನೆ. "ಅಮ್ಮಾ, ಈಗೇನೋ ಬೇಸಿಗೆ ಬರುತ್ತೆ. ಅಕ್ಟೋಬರ್ ಮಳೆ ಶುರುವಾದ್ರೆ ಗುಡಿವರೆಗೂ ನನ್ನ ಗಾಡಿ ಬರಲ್ಲ. ಏನಾದ್ರೂ ಮಾಡ್ಕೊಳ್ಳಿ" ಎಂದ. ಏನು ಮಾಡಿಕೊಳ್ಳಲಿ? ಒಂದು ಸಲ ತಪ್ಪಿದರೆ ಸುಸ್ತು, ಎರಡು ಸಲ ತಪ್ಪಿದರೆ ಹೃದಯ ನಿಲ್ಲಬಹುದು ಎಂದಿದ್ದಾರೆ. ದಾರಿ ಆಗದಿದ್ದರೆ ಈ ಮನೆ ಬಿಟ್ಟು ಕೆಳಗೆ ಹೋಗಬೇಕು. ಬಿಟ್ಟರೆ ಅವನು ಉಳಿಯುತ್ತಾನೆ, ಆದರೆ ಅವನಾಗಿ ಉಳಿಯುವುದಿಲ್ಲ. ಅವನಿಗೆ ಈ ದಿಬ್ಬದ ಹೊರತು ಬೇರೆ ಬದುಕು ಗೊತ್ತಿಲ್ಲ.

ವೊಲ್ಪಾಯಾ ಹತ್ತಿದ ಎಂದು ನಿನಗೆ ಯಾರು ಹೇಳಿದರು? ಅವನು ಕೋಳಿ ಗೂಡಿನವರೆಗೆ ಹೋಗಿ ಬಂದರೆ ನಾನು ಹರಕೆ ತೀರಿಸುತ್ತೇನೆ.

ಸಹಿ ಹಾಕು.

ಲೊರಿಯಾನಾ

ನೆಡೊ, ಮತ್ತೆ ನಾನೇ. ಕುರ್ಚೀಲಿ ನಿದ್ದೆ ಮಾಡಿದ್ದು ನಿಜ, ನಿಮ್ಮಕ್ಕನ ಗೊರಕೆಗೆ ಮಂಚದ ಮೇಲೆ ಯಾವನು ಮಲಗ್ತಾನೆ? ಬಾಯಿ ಬಿಟ್ಟು ಹೇಳಲ್ಲ ಅಷ್ಟೆ, ಅವಳಿಗೆ ಪೇಟೆ ಮನೆ ಬೇಕಾಗಿದೆ, ಲಿಫ್ಟು, ಪಕ್ಕದಲ್ಲೇ ಅಂಗಡಿ. ಹೆಂಗಸರು ಒಂದು ವಯಸ್ಸಿಗೆ ಹಂಗೆ. ಮುಂದಿನ ತಂಡಾನ ನಾನೇ ಸಿಯೆನಾ ಬಾಗಿಲವರೆಗೆ ಮುಂದೆ ನಿಂತು ಕರ್ಕೊಂಡು ಹೋಗ್ತೀನಿ. ನನಗೋಸ್ಕರ ಯಾರೂ ದಿಬ್ಬದ ಮೇಲೆ ನಿಂತು ಕಾಯೋದು ಬೇಡ, ಇವತ್ತಿನವರೆಗೆ ಯಾರೂ ಕಾದಿಲ್ಲ.


ಉಟ್ರೆಕ್ಟ್
4 ಜೂನ್ 2018

ಅಕ್ಕ,

ಜೊತೆಗಿರುವುದನ್ನು ಮೊದಲು ಬಿಡಿಸಿ ನೋಡು. ಮುಂದಿನ ವರ್ಷದ ನಮ್ಮ ಪ್ರವಾಸದ ಪುಸ್ತಿಕೆ. ಮುಖಪುಟದಲ್ಲಿ ಯಾರಿದ್ದಾರೆ ನೋಡು! ನಾವು ಬಂದ ಶುಕ್ರವಾರ, ಸಂಜೆ ಬಿಸಿಲಿನಲ್ಲಿ ನಮ್ಮ ಹಲ್ಲಿನ ಡಾಕ್ಟರು ತೆಗೆದದ್ದು. ಸಿಪ್ರೆಸ್ ಮರಗಳ ಸಾಲು, ಬಿಳಿ ದಾರಿ, ಹಳೆಯ ಉಣ್ಣೆಯ ಅಂಗಿ ತೊಟ್ಟು ಹಳೆಯ ಸೈಕಲ್ ತಳ್ಳಿಕೊಂಡು ತಲೆ ತಗ್ಗಿಸಿ ಬರುತ್ತಿರುವ ಭಾವ. ತೋಳಿಗೆ ಹಳೆಯ ಕಾಲದ ಸವಾರರ ಹಾಗೆ ಬಿಳಿ ವಸ್ತ್ರ ಬೇರೆ ಕಟ್ಟಿಕೊಂಡಿದ್ದಾನೆ. "ಏನು ಭಾವ, ಇಳಿದುಬಿಟ್ಟೆ?" ಎಂದು ಕೂಗಿದ್ದಕ್ಕೆ "ನಿಮ್ಮನ್ನ ಎದುರುಗೊಳ್ಳೋಕೆ ಬಂದ್ನೋ, ಓಡಿಸ್ಕೊಂಡು ಬಂದ್ರೆ ನಿಮ್ಮನ್ನ ದಾಟಿ ಹೋಗ್ಬಿಡ್ತೀನಿ" ಎಂದ. ಹನ್ನೆರಡು ಜನರೂ ಚಪ್ಪಾಳೆ ತಟ್ಟಿದರು. ಪುಟದ ಕೆಳಗೆ ನಾನು ಬರೆಸಿದ ಸಾಲು: "ಇಲ್ಲಿ ಯಾರಿಗೂ ಅವಸರವಿಲ್ಲ." ಬಂದ ಫೋನುಗಳಲ್ಲಿ ಅರ್ಧದಷ್ಟು ಜನ ಕೇಳುವುದು ಒಂದೇ, ಆ ಮುದುಕ ಸಿಗುತ್ತಾನಾ?

ಇನ್ನು ನಿನ್ನ ವಿಷಯ. ಕಹಿಯಾದರೂ ಹೇಳಲೇಬೇಕು. ಈ ಮನೆಯಲ್ಲಿ ನಿನಗೆ ಬೇಜಾರು ಬಂದಿದ್ದರೆ ಹಾಗೆಂದು ಹೇಳು. ಪೇಟೆ ಮನೆ ಬೇಕು, ಲಿಫ್ಟು ಬೇಕು ಎಂದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಭಾವನ ಕಾಯಿಲೆಯನ್ನು ಮುಂದಿಟ್ಟುಕೊಂಡು ನನ್ನ ಕುತ್ತಿಗೆಗೆ ಹಗ್ಗ ಹಾಕುವುದು ಸರಿಯಲ್ಲ. ಚೈನಿಗೆ ಎಣ್ಣೆ ಬಿಟ್ಟ ಹಾಗೆ ಎಂದು ಅವನೇ ನಗುತ್ತಾನೆ, ನೀನು ಹೃದಯ ನಿಲ್ಲುತ್ತದೆ ಎನ್ನುತ್ತೀಯ. ಸ್ವಂತ ಮೈಯ ಸಂಗತಿ ಅವನಿಗೆ ಗೊತ್ತಿಲ್ಲವೇ?

ನಾನು ಸಹಿ ಹಾಕುವುದಿಲ್ಲ. ಮುಚ್ಚುಮರೆ ಬೇಡವೆಂದು ಇದನ್ನೂ ಹೇಳಿಬಿಡುತ್ತೇನೆ: ಆರ್ಜಿಯಾ ಮತ್ತು ಗ್ವಾಲ್ಟಿಯೇರೊ ಇಬ್ಬರಿಗೂ ನಾನೇ ಉದ್ದದ ಕಾಗದ ಬರೆದಿದ್ದೇನೆ. ಬಿಳಿ ದಾರಿ ಅಂದರೆ ಏನು, ಅದು ಹೋದರೆ ಏನು ಹೋಗುತ್ತದೆ, ಉಳಿದರೆ ಅವರ ಖಾಲಿ ಕೋಣೆಗಳಿಗೆ ಯಾರು ಬರುತ್ತಾರೆ, ಎಲ್ಲ ತಿಳಿಸಿದ್ದೇನೆ. ನೀನು ನನ್ನನ್ನು ಶಪಿಸಬಹುದು, ಹತ್ತು ವರ್ಷದ ಮೇಲೆ ಒಳ್ಳೆಯದಾಯಿತು ಎನ್ನುತ್ತೀಯ.

ನೆಡೊ


ಪೊಜ್ಜೊ ಸೆಕ್ಕೊ
19 ಜೂನ್ 2018

ನೆಡೊ,

ಚೈನಿಗೆ ಎಣ್ಣೆ. ಈ ಮಾತು ನನ್ನದಲ್ಲ. ನಿನ್ನ ಕಾಗದ ಹಿಡಿದುಕೊಂಡು ಅವನ ಮುಂದೆ ಹೋಗಿ ನಿಂತೆ.

"ನೆಡೊಗೆ ನೀನು ಬರ್ದಿದ್ಯಾ?"

"ನಾನ್ಯಾಕೆ ಬರೀಲಿ? ನನ್ನ ಕೈಬರಹ ನನಗೇ ಓದೋಕಾಗಲ್ಲ."

"ಸಿರಿಯೊ, ನನ್ನ ಕಾಗದದ ಕೆಳಗೆ ಗೀಚಿದ್ಯಾ ಇಲ್ವಾ?"

ಬಟಾಣಿ ಸುಲಿಯುತ್ತಿದ್ದ, ಕೈ ನಿಲ್ಲಿಸಲಿಲ್ಲ. "ಖಾಲಿ ಜಾಗ ಬಿಟ್ಟಿದ್ದೆ ನೀನು. ದಂಡ ಅನ್ನಿಸ್ತು."

"ನನಗೆ ಪೇಟೆ ಮನೆ ಬೇಕಾಗಿದೆ ಅಂತ ಬರ್ದೆ?"

"ಏನಾದ್ರೂ ಬರೀಬೇಕಿತ್ತಲ್ಲ ಮಾರಾಯ್ತಿ."

"ಯಾಕೆ? ಯಾಕೆ ಬರೀಬೇಕಿತ್ತು?"

ಆಗ ಬಟಾಣಿಯ ಬೋಗುಣಿಯನ್ನು ನೆಲಕ್ಕೆ ಕೆಡವಿದ. "ಯಾಕಂದ್ರೆ ಆ ಹುಡ್ಗ ನನ್ನನ್ನ ಇನ್ನೂ ಹಂಗೇ ನೋಡ್ತಾನೆ! ನೀನು ನೋಡಲ್ಲ, ನರ್ಸು ನೋಡಲ್ಲ, ಆ ಲಾಂಬೆರ್ತೊ ನನ್ನ ಕಂಕುಳಿಗೆ ಕೈ ಹಾಕಿ ಹತ್ತಿಸ್ತಾನೆ, ಮೂಟೆ ಎತ್ತಿದಂಗೆ. ಒಬ್ಬನಾದ್ರೂ ಇರ್ಲಿ ಬಿಡೆ." ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಬಟಾಣಿ ಆರಿಸಿದೆವು. ನಾನು ಅತ್ತೆ. ಅವನು ಅಳಲಿಲ್ಲ, ಅದಕ್ಕೂ ನನಗೆ ಕೋಪ ಬಂತು.

ಈಗ ನಿನ್ನ ಪುಸ್ತಿಕೆ. ಅವನು ನಿಮ್ಮನ್ನು ಎದುರುಗೊಳ್ಳಲು ಬಂದಿರಲಿಲ್ಲ. ಅದು ಶುಕ್ರವಾರ, ವಾರದ ದಿನಗಳನ್ನು ನಾನು ಮೊದಲ ಕಾಗದದಲ್ಲೇ ಬರೆದಿದ್ದೆ. ಬೆಳಗ್ಗೆ ಸೈಕಲ್ ಮೇಲೆ ಕೂತು ಬ್ರೇಕು ಹಿಡಿದುಕೊಂಡು ಗುಡಿಯವರೆಗೆ ಇಳಿಯುತ್ತಾನೆ, ಗೋಡೆಗೆ ಒರಗಿಸಿ ವ್ಯಾನು ಹತ್ತುತ್ತಾನೆ. ಸಂಜೆ ಅದನ್ನು ಹಿಡಿದುಕೊಂಡು ಬರುತ್ತಾನೆ. ನಿನ್ನ ಚಿತ್ರದಲ್ಲಿ ಅವನು ಸೈಕಲ್ಲನ್ನು ತಳ್ಳುತ್ತಿಲ್ಲ ನೆಡೊ, ಅದಕ್ಕೆ ಆತುಕೊಂಡು ನಿಂತಿದ್ದಾನೆ. ಕೋಲು ಹಿಡಿ ಅಂದರೆ ಹಿಡಿಯುವುದಿಲ್ಲ, ಸೈಕಲ್ ಹಿಡಿಯುತ್ತಾನೆ. ತೋಳಿನ ವಸ್ತ್ರ ಸವಾರರದ್ದಲ್ಲ, ಸೂಜಿ ಚುಚ್ಚಿದ ಜಾಗಕ್ಕೆ ಕಟ್ಟಿದ ಪಟ್ಟಿ. ದೊಡ್ಡದು ಮಾಡಿ ನೋಡು, ಮೊಣಕೈ ಹತ್ತಿರ ರಕ್ತ ಒಸರಿದೆ. ಹನ್ನೆರಡು ಜನ ಅದನ್ನು ನೋಡಿ ಚಪ್ಪಾಳೆ ತಟ್ಟಿದಿರಿ. ಇಲ್ಲಿ ಯಾರಿಗೂ ಅವಸರವಿಲ್ಲವಂತೆ. ನಿನ್ನ ಬಾಯಿಗಿಷ್ಟು ಮಣ್ಣು ಹಾಕ.

ನನ್ನನ್ನು ಸುಳ್ಳಿ ಅಂದೆ. ನಲವತ್ತು ವರ್ಷ ನಿನ್ನ ಅಕ್ಕನಾಗಿದ್ದವಳ ಮಾತಿಗಿಂತ ಪುಟದ ಮೂಲೆಯ ಗೀಚು ನಿನಗೆ ರುಚಿಸಿತು, ಯಾಕೆಂದರೆ ಆ ಗೀಚು ನಿನಗೆ ಬೇಕಾದದ್ದನ್ನೇ ಹೇಳಿತು.

ಈ ಕಾಗದವನ್ನು ನಾನೇ ನಡೆದುಹೋಗಿ ಹಾಕುತ್ತೇನೆ. ಗಡುವಿಗೆ ದಿನ ಹೆಚ್ಚಿಲ್ಲ.

ಲೊರಿಯಾನಾ


ಉಟ್ರೆಕ್ಟ್
30 ಜೂನ್ 2018

ಅಕ್ಕ,

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ.

ಸಹಿ ಹಾಕಿದ್ದೇನೆ. ಬೆಳಗ್ಗೆ ಎದ್ದು ಪುರಸಭೆಗೆ ಫೋನ್ ಮಾಡಿದೆ, ಇವತ್ತು ಶನಿವಾರ, ಯಾರೂ ಎತ್ತಲಿಲ್ಲ. ಅರ್ಜಿಯನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಒಂದೆರಡು ದಿನ ತಡವಾದರೆ ಅವರು ಒಪ್ಪಿಕೊಳ್ಳುತ್ತಾರೆ, ಒಪ್ಪಲೇಬೇಕು. ಆಗದಿದ್ದರೆ ಹೊಸ ಅರ್ಜಿ ಹಾಕೋಣ, ಮೊದಲ ಸಹಿ ನನ್ನದೇ ಇರಲಿ.

ಭಾವನಿಗೆ ಏನು ಹೇಳಲಿ ಎಂದು ತಿಳಿಯುತ್ತಿಲ್ಲ. ನಿನಗೆ ಏನು ಹೇಳಲಿ ಎಂಬುದಂತೂ ಮೊದಲೇ ತಿಳಿಯದು. ಕ್ಷಮಿಸು.

ನೆಡೊ


ಪೊಜ್ಜೊ ಸೆಕ್ಕೊ
22 ಅಕ್ಟೋಬರ್ 2018

ನೆಡೊ,

ಮಧ್ಯೆ ನೀನು ಬರೆದ ಕಾಗದಗಳೆಲ್ಲ ಬಂದಿವೆ. ಉತ್ತರ ಬರೆಯಲಿಲ್ಲ, ದ್ರಾಕ್ಷಿ ಕೊಯ್ಲಿತ್ತು. ಅದು ನೆಪ. ಬರೆಯಲು ಮನಸ್ಸಿರಲಿಲ್ಲ.

ನಿನ್ನ ಸಹಿ ಜುಲೈ ಐದಕ್ಕೆ ತಲುಪಿತು. ಪುರಸಭೆಯ ಹುಡುಗಿ ಒಳ್ಳೆಯವಳು, ಅವಳೇ ಮುಖ ಚಿಕ್ಕದು ಮಾಡಿಕೊಂಡಳು. "ಹಳೇ ಅರ್ಜಿ ಮುಗ್ದೋಯ್ತು, ಹೊಸದಾಗಿ ನಾಲ್ಕೂ ಸಹಿ ತನ್ನಿ, ಆಮೇಲೆ ನೋಡೋಣ" ಎಂದಳು. ಆಗಲಿ, ನಾಲ್ವರೂ ಒಪ್ಪಿದವರೇ ತಾನೆ ಎಂದುಕೊಂಡು ಕೊಯ್ಲು ಮುಗಿದ ಭಾನುವಾರ ಇಲ್ಲಿರುವ ಇಬ್ಬರನ್ನೂ ಅಡುಗೆಮನೆಗೆ ಕರೆದೆ. ಚೆಸ್ಟ್‌ನಟ್ ಕಾಯಿ ಸುಟ್ಟೆ, ಹೊಸ ವೈನು ಇಟ್ಟೆ. ಸಿರಿಯೊ ಒಳಗೆ ಮಲಗಿದ್ದ, ಬಾಗಿಲು ತೆರೆದಿತ್ತು.

ಆರ್ಜಿಯಾ ಪೆನ್ನು ತೆಗೆದುಕೊಂಡಳು. ಗ್ವಾಲ್ಟಿಯೇರೊ ಕೈ ಕಟ್ಟಿಕೊಂಡು ಕೂತ.

"ಲೊರಿಯಾನಾ, ಬೇಜಾರ್ ಮಾಡ್ಕೋಬೇಡ. ದಾರಿ ಹಿಂಗೇ ಇರ್ಲಿ."

"ಮಾರ್ಚಿನಲ್ಲಿ ಸಹಿ ಹಾಕಿದ್ಯಲ್ಲೋ?"

"ಆಗ ನನಗೇನು ತಿಳೀತಿತ್ತು? ನಿನ್ನ ತಮ್ಮ ಬರ್ದ ಮೇಲೆ ತಿಳೀತು. ಬಿಳಿ ದಾರಿ ಅಂದ್ರೆ ಬರೀ ಜಲ್ಲಿ ಅಲ್ಲ, ನೋಡು. ಎತ್ತಿನ ಗಾಡಿಗಳು ಪೀಪಾಯಿ ಹೊತ್ತು ತುಳಿದು ಮಾಡಿದ್ದು. ಒಂದು ಸಲ ಕಪ್ಪಾದ್ರೆ ಮತ್ತೆ ಬೆಳ್ಳಗಾಗಲ್ಲ. ನನ್ನ ಮಾವನ ಕೋಣೆಗಳಿಗೆ ಸುಣ್ಣ ಹೊಡೆಸಿದೀನಿ, ಏಪ್ರಿಲಿಗೆ ಎರಡೂ ಭರ್ತಿ. ಬೆಲ್ಜಿಯಂನೋರು."

ಒಂದೊಂದು ಪದವೂ ನಿನ್ನದು. ಎತ್ತಿನ ಗಾಡಿಯನ್ನು ಆ ಮನುಷ್ಯ ಜನ್ಮದಲ್ಲಿ ಹೊಡೆದಿಲ್ಲ. ಹತ್ತು ವರ್ಷದಿಂದ ದಾರಿಯ ಧೂಳಿಗೆ ದಿನಾ ಬೈಯುತ್ತಿದ್ದವನು. "ನೆಡೊ ಈಗ ಬೇರೆ ಹೇಳ್ತಿದಾನೆ, ಅವನದೂ ಸಹಿ ಇದೆ ನೋಡು" ಎಂದು ಹಳೆಯ ಅರ್ಜಿ ತೋರಿಸಿದೆ.

"ಅಕ್ಕ ಅಳ್ತಾಳೆ ಅಂತ ಹಾಕಿರ್ತಾನೆ. ಒಳ್ಳೆ ಹುಡ್ಗ. ಅವನ ಮನಸ್ಸಲ್ಲಿರೋದು ಆ ಕಾಗದದಲ್ಲಿದೆ, ನಾನು ಜೋಪಾನವಾಗಿ ಇಟ್ಟಿದೀನಿ."

ನಾನು ಬೇಡಿಕೊಂಡೆ. ಅದನ್ನೂ ಬರೆಯುತ್ತೇನೆ, ನಿನಗೆ ತಿಳಿಯಲಿ. ನಮ್ಮಪ್ಪನಿಗೂ ತಲೆಬಾಗದ ನಾನು ಗ್ವಾಲ್ಟಿಯೇರೊನ ತೋಳು ಹಿಡಿದುಕೊಂಡು ಬೇಡಿಕೊಂಡೆ. ಒಳಗಿನಿಂದ ಸಿರಿಯೊ ಕೂಗಿದ, "ಗ್ವಾಲ್ಟಿಯೇರೊ, ಅವಳ ಮಾತು ಕಿವಿಗೆ ಹಾಕ್ಕೋಬೇಡ ಕಣಯ್ಯಾ, ನಾನು ಚೆನ್ನಾಗೇ ಇದೀನಿ!" ಗ್ವಾಲ್ಟಿಯೇರೊ ನನ್ನ ಮುಖ ನೋಡಿ ಭುಜ ಹಾರಿಸಿದ. ಚೆಸ್ಟ್‌ನಟ್ ಜೇಬಿಗೆ ತುಂಬಿಕೊಂಡು ಹೋದ.

ಮಳೆ ಬಂದು ಒಂದು ವಾರವಾಯಿತು. ಬುಧವಾರ ವ್ಯಾನು ಗುಡಿಗೂ ಬರಲಿಲ್ಲ. ಶುಕ್ರವಾರ ನಾಲ್ಕು ಜನ ಬಂದು ಕುರ್ಚಿಯಲ್ಲಿ ಕೂರಿಸಿ ಕೆಸರಿನಲ್ಲಿ ಹೊತ್ತುಕೊಂಡು ಇಳಿಸಿದರು. ಆರ್ಜಿಯಾ ಬಾಗಿಲಲ್ಲಿ ನಿಂತು ಶಿಲುಬೆ ಗುರುತು ಮಾಡಿಕೊಂಡಳು, ಹೆಣ ಹೋಗುವಾಗ ಮಾಡುವ ಹಾಗೆ. ಸಿರಿಯೊ ಅವಳಿಗೆ ಕಣ್ಣು ಹೊಡೆದ. ತಿರುವು ದಾಟಿದ ಮೇಲೆ ಮುಖ ಮುಚ್ಚಿಕೊಂಡ.

ಪೊಜ್ಜಿಬೊನ್ಸಿಯಲ್ಲಿ ರೈಲು ನಿಲ್ದಾಣದ ಹಿಂದೆ ಬಾಡಿಗೆಗೆ ಒಂದು ಮನೆ ನೋಡಿದ್ದೇನೆ. ಸತ್ತವರ ಹಬ್ಬಕ್ಕೆ ಅಪ್ಪ, ಅಮ್ಮನ ಗೋರಿಗೆ ಹೂವಿಟ್ಟು ಅಲ್ಲಿಗೆ ಹೋಗುತ್ತೇವೆ. ಲಿಫ್ಟಿದೆ. ಪಕ್ಕದಲ್ಲೇ ಅಂಗಡಿ.

ಲೊರಿಯಾನಾ


ಉಟ್ರೆಕ್ಟ್
3 ಡಿಸೆಂಬರ್ 2018

ಅಕ್ಕ,

ಹೊಸ ವಿಳಾಸ ಆರ್ಜಿಯಾಳಿಂದ ಸಿಕ್ಕಿತು. ನೀನು ಕಳಿಸಲಿಲ್ಲ.

ಗ್ವಾಲ್ಟಿಯೇರೊಗೆ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕವಿಲ್ಲ. ನಾನು ಬರೆದದ್ದು ತಪ್ಪು, ಹರಿದುಹಾಕು ಎಂದೆ. "ನೀನು ಅಷ್ಟು ಚೆನ್ನಾಗಿ ಬರ್ದಿದೀಯ, ಯಾಕೋ ಹರೀಬೇಕು?" ಎಂದು ನಕ್ಕ. ಪುಸ್ತಿಕೆಗಳನ್ನು ಸೈಕಲ್ ಅಂಗಡಿಗಳಿಂದ ವಾಪಸು ತರಿಸಿದ್ದೇನೆ, ಎಲ್ಲ ಬರಲಿಲ್ಲ. ಮುಂದಿನ ವರ್ಷದ ಪ್ರವಾಸ ರದ್ದು ಮಾಡುವುದಾಗಿ ಬರೆಯೋಣವೆಂದು ಕೂತೆ, ಆದರೆ ನಿನಗೆ ಸುಳ್ಳು ಹೇಳುವುದು ಸಾಕು. ರದ್ದು ಮಾಡಿಲ್ಲ. ಜನ ಆಗಲೇ ಹೆಸರು ಕೊಟ್ಟಿದ್ದಾರೆ, ನನ್ನ ಹೊಟ್ಟೆಪಾಡು ಅದೇ. ನಮ್ಮ ದಾರಿ ಬಿಟ್ಟು ಕಾಸ್ತೆಲ್ಲಿನಾ ಕಡೆಯಿಂದ ಸುತ್ತಿಕೊಂಡು ಹೋಗುತ್ತೇವೆ. ಆ ಏರನ್ನು ಮತ್ತೆ ಹತ್ತಲು ನನಗಾಗುವುದಿಲ್ಲ.

ಕ್ರಿಸ್‌ಮಸ್ಸಿಗೆ ಬರಲೇ? ಗಿರಾಕಿಗಳಿಲ್ಲ, ಸೈಕಲ್ಲಿಲ್ಲ, ನಾನೊಬ್ಬನೇ. ಒಂದು ದಿನ ಸಾಕು. ಭಾವನ ಪಕ್ಕ ಕೂತು ಬರುತ್ತೇನೆ. ಬೈಯುವುದಿದ್ದರೆ ಬೈಯಲಿ. ಅವನ ಬೈಗುಳ ತಿಂದು ಬೆಳೆದವನು ನಾನು. ಅವನು ಹೋಗುವುದರೊಳಗೆ ಒಮ್ಮೆ ಅವನನ್ನು ಇರುವ ಹಾಗೆ ನೋಡಬೇಕು.

ನಿನ್ನ ಉತ್ತರ ಬರುವವರೆಗೆ ರೈಲಿನ ಚೀಟಿ ಕೊಳ್ಳುವುದಿಲ್ಲ.

ನೆಡೊ


ಪೊಜ್ಜಿಬೊನ್ಸಿ
10 ಜನವರಿ 2019

ನೆಡೊ,

ಬರಬೇಡ.

ಕ್ರಿಸ್‌ಮಸ್ ಕಳೆದ ಮೇಲೆ ಉತ್ತರ ಬರೆಯುತ್ತಿರುವುದು ಮರೆತಿದ್ದರಿಂದಲ್ಲ. ಬರೆದರೆ ನೀನು ಬರುತ್ತೀಯ ಎಂದು ಗೊತ್ತಿತ್ತು.

ಇಲ್ಲಿ ವ್ಯಾನು ಬಾಗಿಲಿಗೇ ಬರುತ್ತದೆ. ಲಾಂಬೆರ್ತೊ ಗಂಟೆ ಒತ್ತುತ್ತಾನೆ, ಹತ್ತು ನಿಮಿಷಕ್ಕೆ ಆಸ್ಪತ್ರೆ. ಡಾಕ್ಟರು ಖುಷಿಯಾಗಿದ್ದಾರೆ, ರಕ್ತದ ಲೆಕ್ಕವೆಲ್ಲ ಸರಿಬಂದಿದೆಯಂತೆ. ಸಿರಿಯೊ ಕಿಟಕಿಯ ಹತ್ತಿರ ಕೂರುತ್ತಾನೆ. ಹೊರಗೆ ಗಾಡಿ ನಿಲ್ಲಿಸುವ ಜಾಗ, ಅದನ್ನೇ ನೋಡುತ್ತಾನೆ. ಮಾತು ಕಡಿಮೆಯಾಗಿದೆ. ತಮಾಷೆ ನಿಂತಿದೆ. ನರ್ಸಿಗೆ ಎದುರು ಹೇಳುವುದಿಲ್ಲ, ಅಳತೆ ಮೀರಿ ನೀರು ಕೇಳುವುದಿಲ್ಲ. ಇಷ್ಟು ಒಳ್ಳೆಯ ರೋಗಿ ಇಡೀ ವಾರ್ಡಿನಲ್ಲಿ ಇನ್ನೊಬ್ಬನಿಲ್ಲ ಎಂದು ಅವಳು ಹೊಗಳುತ್ತಾಳೆ. ನನಗೆ ಅವಳ ಬಾಯಿ ಮುಚ್ಚಿಸಬೇಕೆನ್ನಿಸುತ್ತದೆ.

ಡಿಸೆಂಬರಿನಲ್ಲಿ ನಿನ್ನ ಕಾಗದ ಬಂದ ದಿನ ಲಕೋಟೆಯ ಮೇಲಿನ ಅಕ್ಷರ ಅವನ ಕಣ್ಣಿಗೆ ಬಿತ್ತು. "ನೆಡೊ ಬರ್ತಾನಾ?" ಎಂದ. ನಾನು ಇನ್ನೂ ಒಡೆದಿರಲಿಲ್ಲ. ಅಷ್ಟಕ್ಕೇ ಎದ್ದು ಹೋಗಿ ಗಡ್ಡ ಹೆರೆದುಕೊಂಡು ಬಂದ, ಮುಖದ ತುಂಬ ಗಾಯ. ಆ ಉಣ್ಣೆಯ ಅಂಗಿ ಹುಡುಕಿ ತೊಟ್ಟುಕೊಂಡ, ತೋಳಿನ ಪಟ್ಟಿ ಕಾಣದಂತೆ ಅಂಗಿಯ ಕೈ ಇಳಿಸಿಕೊಂಡ. ಕುರ್ಚಿ ಬೇಡವೆಂದು ಬಾಗಿಲ ಹತ್ತಿರ ನಿಂತ. ಇವತ್ತಲ್ಲ ಸಿರಿಯೊ, ಕಾಗದ ಬಂದಿದೆ ಅಷ್ಟೆ ಎಂದರೂ ಕೇಳಲಿಲ್ಲ, ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ ಎಂದ. ನಿಂತೇ ಇದ್ದ, ಕಾಲು ನಡುಗುವವರೆಗೆ. ಆಮೇಲೆ ಹಾಸಿಗೆಯಿಂದ ಏಳಲು ಅವನಿಗೆ ಒಂದು ವಾರ ಬೇಕಾಯಿತು.

ಅವನನ್ನು ಇರುವ ಹಾಗೆ ನೋಡಬೇಕು ಎಂದು ಬರೆದಿದ್ದೀಯ. ನಿನಗೆ ಅದು ಸಿಗುವುದಿಲ್ಲ. ಇರುವ ಹಾಗೆ ಅವನು ನನಗೊಬ್ಬಳಿಗೇ ಕಾಣಿಸಿಕೊಳ್ಳುತ್ತಾನೆ. ನೀನು ಬಂದರೆ ನಿನಗೋಸ್ಕರ ಇಡೀ ಒಂದು ದಿನ ಅವನು ಗಟ್ಟಿಮುಟ್ಟಾಗಿರಬೇಕು. ಅಷ್ಟು ಶಕ್ತಿ ಅವನಲ್ಲಿ ಉಳಿದಿಲ್ಲ. ಇದರಲ್ಲಿ ಸೇಡು ಇಲ್ಲವೇ ಎಂದು ನೀನು ಕೇಳಬಹುದು. ಇದೆ. ಎಷ್ಟಿದೆ ಎಂದು ನನಗೂ ಗೊತ್ತಿಲ್ಲ.

ನೆಡೊ ಯಾವಾಗ ಬರ್ತಾನೆ ಎಂದು ದಿನಾ ಕೇಳುತ್ತಾನೆ. ನಿನಗೆ ಕೆಲಸ ಜಾಸ್ತಿ, ಸೈಕಲ್ ತಂಡಗಳನ್ನು ಬಿಟ್ಟು ಬರಲು ಮನಸ್ಸಿಲ್ಲ ಎಂದು ಹೇಳಿದ್ದೇನೆ. ಅವನು ನಂಬಿದ್ದಾನೆ.

ಲೊರಿಯಾನಾ